ಅಕ್ಕಾರಿಗೆ ಕೇಳಿಸುವುದಿಲ್ಲ!

ತಿಂಗಳ ಮೊದಲ ಸೋಮವಾರ, ಮುಂಜಾನೆ ಹನ್ನೊಂದು ಗಂಟೆ. ಸ್ಥಳ: ಬಸವನ ಬಾಗೇವಾಡಿಯ ನಮ್ಮ ಕಾಲುವೆ ಆಫೀಸು. ಹಾಜರಿದ್ದವರು: ಸಾಹೇಬರು, ಗೇಟ್ ಆಪರೇಟರುಗಳು, ಸೂಪರಿಂಟೆಂಡೆಂಟ್ ಆದ ನಾನು ಮತ್ತು ಟಪಾಲು ನೋಡಿಕೊಳ್ಳುವ ಅಕ್ಕಾರು. ನಾವೆಲ್ಲ ಸಭೆ ನಡೆಸಲು ಬಂದಿದ್ದೆವು. ಅಕ್ಕಾರು ಅದನ್ನು ನಿಲ್ಲಿಸಲು ಬಂದಿದ್ದರು!

ಈ ಅಕ್ಕಾರಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬುದು ನಮ್ಮಲ್ಲಿ ಇನ್ನೂ ಇತ್ಯರ್ಥವಾಗದ ಕಡತ. ಎರಡು ಕೋಣೆಯಾಚೆ ಚಹಾದ ಕಪ್ಪು-ಬಸಿ ಸದ್ದಾದರೆ, "ನನಗ ಸಕ್ಕರಿ ಬ್ಯಾಡೋ!" ಎಂದು ಕೂಗುತ್ತಾರೆ. ಎದುರಿಗೇ ಕೂತ ಸಾಹೇಬರ ಮಾತು ಮಾತ್ರ ಕೇಳಿಸುವುದಿಲ್ಲ!

ಅವರು ನಮ್ಮ 'ಕಿವಿ ಬಳಗ'ದ ಮುಖ್ಯಸ್ಥೆ. ಮೋಟಾರು, ಜನರೇಟರುಗಳ ಸಪ್ಪಳದಲ್ಲಿ ದುಡಿದು ಕಿವಿ ಮಂದವಾದ ನೌಕರರನ್ನೆಲ್ಲ ಕೂಡಿಸಿ ಕಟ್ಟಿದ ಬಳಗ. ಇದಕ್ಕೆ ಸಂಬಳವಿಲ್ಲ, ಮೇಲಿನ ಆದೇಶವಿಲ್ಲ. ತಾವಾಗಿ ತಲೆ ಮೇಲೆ ಹೊತ್ತುಕೊಂಡದ್ದು. ಹೊತ್ತುಕೊಳ್ಳಲಿ, ಆದರೆ ಪ್ರತಿ ಸಭೆಯಲ್ಲೂ ನನ್ನ ಪಕ್ಕದಲ್ಲೇ ಏಕೆ ಕೂರಬೇಕು?

"ನೀವೂ ಬಳಗಕ್ಕ ಬರ್ರಿ," ಎಂದು ಒಮ್ಮೆ ಕರೆದಿದ್ದರು.

"ನನಗೇನ ಆಗೇತ್ರಿ?" ಎಂದು ಗದರಿದ್ದೆ.

ಹಿಂದಿನ ಒಂದು ಸಭೆಯಲ್ಲಿ ಇಂಡಿ ತಾಲ್ಲೂಕಿನಿಂದ ಬಂದ ಅಧಿಕಾರಿಯೊಬ್ಬರು ಗಂಭೀರವಾಗಿ ಮಾತನಾಡುತ್ತಿದ್ದಾಗ ಅಕ್ಕಾರು ಎದ್ದು ನಿಂತರು. "ಸಾಹೇಬ್ರ, ನಿಮ್ಮ ಮಾತೆಲ್ಲಾ ಮೀಸ್ಯಾಗ ಸಿಕ್ಕೊಂಡಾವ್ರಿ. ತುಟಿ ಕಾಣೂದಿಲ್ಲ!" ಮುಂದಿನ ಸಲ ಅವರು ಮೀಸೆ ಕತ್ತರಿಸಿಕೊಂಡು ಬಂದರು. ನನ್ನ ಮಾನ ಮೊದಲೇ ಕತ್ತರಿಸಿ ಹೋಗಿತ್ತು. ಮುದ್ದೇಬಿಹಾಳದ ಸಭೆಯಲ್ಲಂತೂ ಸುಡು ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿಸಿದರು. "ಅದರ ಸಪ್ಪಳ ಮಾತು ನುಂಗತೈತ್ರಿ!" ಎಲ್ಲರೂ ಬೆವರೊರೆಸಿಕೊಳ್ಳುತ್ತ ನನ್ನನ್ನೇ ನೋಡಿದರು, ಇವರನ್ನು ಕರೆತಂದವನು ನಾನೇ ಎಂಬಂತೆ!

ಈ ಸೋಮವಾರ ದೇವಣಗಾಂವದ ಆಪರೇಟರ್ ಎದ್ದು ನಿಂತು ತಗ್ಗಿದ ದನಿಯಲ್ಲಿ ನನಗೇನೋ ಹೇಳಿದ. 'ನಮ್ಮವ್ವ ಬಂದಾಳ್ರಿ' ಎಂದು ನನಗೆ ಕೇಳಿಸಿತು.

"ಭಾಳ ಚಲೋ ಆತು! ನಾಕ ದಿನ ಇರಲಿ!" ಎಂದೆ, ಮುಖ ಅರಳಿಸಿ.

ಅಕ್ಕಾರು ತಟ್ಟನೆ ಕೈಯೆತ್ತಿದರು. "ಏ ತಮ್ಮಾ, ನನಗ ಕೇಳಸಲಿಲ್ಲ. ಇನ್ನೊಮ್ಮೆ ಗಟ್ಟಿ ಹೇಳು."

"ನಮ್ಮವ್ವ ಬಿದ್ದಾಳ್ರಿ! ಸೊಂಟ ಮುರದೈತಿ. ರಜಾ ಬೇಕಾಗಿತ್ತು."

ಬಂದಾಳ, ಬಿದ್ದಾಳ! ಯಾವ ಮುಖ ಇಟ್ಟುಕೊಂಡು ಅಲ್ಲಿ ಕೂರಲಿ? ಎದ್ದು ಪಡಸಾಲೆಗೆ ಹೋದೆ. 'ಇವತ್ತ ರಿಟೈರ್ ಆಗಿಬಿಡಬೇಕು' ಎಂದು ತುಟಿಯೊಳಗೇ ಗೊಣಗಿಕೊಂಡೆ.

"ಯಾಕ್ರಿ ರಿಟೈರ್?" ಎಂದಿತು ಬೆನ್ನ ಹಿಂದೆ ಒಂದು ದನಿ. ಕೈಯಲ್ಲಿ ಚಹಾ ಹಿಡಿದು ಅಕ್ಕಾರು!

"ಅಕ್ಕಾರ, ನಾ ಗೊಣಗಿದ್ದು ನನಗೇ ಕೇಳಿಸಿರಲಿಲ್ಲ! ನಿಮಗ ಹೆಂಗ ಕೇಳಿಸ್ತು?"

"ನನ್ನ ಕಿವಿಗೆ ಏನ ಧಾಡಿ? ಗಟ್ಟಿಮುಟ್ಟ ಅದಾವ."

"ಮತ್ತ ಸಭಾದಾಗ 'ಕೇಳಸಲಿಲ್ಲ, ಕೇಳಸಲಿಲ್ಲ' ಅಂತ ಯಾಕ ಒದರ್ತೀರಿ?"

ಅಕ್ಕಾರು ಕಪ್ಪನ್ನು ನನ್ನ ಕೈಗಿಟ್ಟರು. "ಮೊದಲ ಎಲ್ಲಾದಕ್ಕೂ ತಕರಾರು ತಗೀತಿದ್ರಿ. ಈಗೀಗ ಏನಂದ್ರೂ 'ಹೌದ್ರಿ' ಅಂತೀರಿ. ಅವಾಗ ಗೊತ್ತಾತು, ನಿಮಗ ಕಿವಿ ಮಂದ ಆಗ್ಯಾವಂತ. ನೀವು ಕೇಳಂಗಿಲ್ಲ, ಅದಕ್ಕ ನಾ ಕೇಳ್ತೇನಿ."

ಇಷ್ಟು ದಿನ ಯಾರಿಂದ ನನ್ನ ಮಾನ ಹೋಯಿತೆಂದು ಸಿಡುಕುತ್ತಿದ್ದೆನೋ, ಅವರು ತಮ್ಮ ಮಾನವನ್ನೇ ನನಗೆ ಹೊದಿಸಿ ಕೂತಿದ್ದರು.

ಚಹಾ ಅಲ್ಲೇ ಇಟ್ಟು ಒಳಗೆ ಹೋದೆ. ಸಾಹೇಬರ ಎದುರಿಗೇ, ಎಲ್ಲರ ಎದುರಿಗೇ ಆ ಆಪರೇಟರ್‌ಗೆ ಹೇಳಿದೆ: "ತಪ್ಪಾತಪ್ಪಾ. ನನಗ ಎಡಗಿವಿ ಕೇಳಸೂದಿಲ್ಲ. ಈ ಕಡಿ ಬಂದು ಹೇಳು, ಅವ್ವಗ ಹೆಂಗ ಐತಿ?"

ಅವನು ಕುರ್ಚಿ ಎಳೆದುಕೊಂಡು ನನ್ನ ಬಲಕ್ಕೆ ಬಂದು ಕೂತ. ನಿಧಾನವಾಗಿ ಎಲ್ಲ ಹೇಳಿದ. ನಾನು ಎಲ್ಲ ಕೇಳಿದೆ. ರಜೆಗೆ ಸಹಿ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ನಡೆದು, ಅವನನ್ನು ಅವನೂರ ಕಡೆಯ ಸಿಂದಗಿ ಬಸ್ಸು ಹತ್ತಿಸಿ ಬಂದೆ.