ಸರ್ವರಿಗೆ ಖಂಡೇಪೂಜೆ

ನಮ್ಮಜ್ಜ ಪೂಜಾರಿ, ನಾನು ಆಫೀಸ್ ಸುಪರಿಂಟೆಂಡೆಂಟ್. ಇಬ್ಬರದೂ ಒಂದೇ ಕೆಲಸ ಎಂದು ತಿಳಿಯಲು ನನಗೆ ಐವತ್ತಾರು ವರ್ಷ ಬೇಕಾಯಿತು. ಮುರಗೋಡದ ಕಡೆಯ ನಮ್ಮ ಹಳ್ಳಿಯ ಗುಡಿಯಲ್ಲಿ ಅಜ್ಜ ಊಟವಾದ ಮೇಲೆ ಅಡ್ಡಾಗಬೇಕೆನಿಸಿದರೆ ಗರ್ಭಗುಡಿಯ ಬಾಗಿಲು ಎಳೆದುಕೊಂಡು, ದೂರದಿಂದ ಬಂದವರಿಗೆ "ದೇವರು ಮಲಗ್ಯಾನ, ಸಂಜೀಮುಂದ ಬರ್ರಿ" ಎನ್ನುತ್ತಿದ್ದ. ಕಾಲೇಜಿನಲ್ಲಿದ್ದಾಗ ಇದನ್ನು ಹೇಳಿ ಗೆಳೆಯರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದೇನೆ. ಈಗ ನಾನು ಅದೇ ಹೊತ್ತಿಗೆ, ಅದೇ ಗತ್ತಿನಲ್ಲಿ "ಸರ್ವರ್ ಡೌನ್ ಅದ, ನಾಳೆ ಬರ್ರಿ" ಎನ್ನುತ್ತೇನೆ. ಅಜ್ಜ ಸಂಜೆಗಾದರೂ ಬಾಗಿಲು ತೆಗೆಯುತ್ತಿದ್ದ.

ನಮ್ಮ ಶಿಕ್ಷಣ ಸಂಸ್ಥೆಯ ಕಾಲೇಜುಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ನಾಲ್ಕು ಊರಲ್ಲಿವೆ. ಮೊದಲು ನಾಲ್ಕೂ ಕಡೆ ಒಂದೊಂದು ಕಂಪ್ಯೂಟರ್, ಒಂದೊಂದು ಕಪಾಟು. ಕಿತ್ತೂರಿನ ಕಂಪ್ಯೂಟರ್ ಕೆಟ್ಟರೆ ಕಿತ್ತೂರಿನವರಷ್ಟೇ ತಲೆ ಚಚ್ಚಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ನಮ್ಮ ಕಾರ್ಯದರ್ಶಿಗಳು ಎಲ್ಲಿಯೋ ಒಂದು ಭಾಷಣ ಕೇಳಿ ಬಂದರು. ಎಲ್ಲ ದಾಖಲೆಯೂ ಒಂದೇ ಕಡೆ ಇರಬೇಕಂತೆ, ಅದೇ ಪ್ರಗತಿಯಂತೆ. ಹಾಗೆ ನಮ್ಮ ಬೈಲಹೊಂಗಲಕ್ಕೆ ಸರ್ವರ್ ಎಂಬ ಕಪಾಟಿನಷ್ಟು ಎತ್ತರದ ಕಪ್ಪು ಪೆಟ್ಟಿಗೆಯೊಂದು ಬಂತು. ಅದು ಬಂದ ಮೇಲೆ ನಾಲ್ಕೂ ಊರಿನವರು ಒಟ್ಟಿಗೆ ತಲೆ ಚಚ್ಚಿಕೊಳ್ಳುವ ಅನುಕೂಲವಾಯಿತು.

ಪೆಟ್ಟಿಗೆಗೆ ಪ್ರತ್ಯೇಕ ಕೋಣೆ, ಕಾರ್ಯದರ್ಶಿಗಳಿಗೂ ಇಲ್ಲದ ಏಸಿ. ಧೂಳು ಹೋಗಬಾರದು, ಚಪ್ಪಲಿ ಹೊರಗೆ ಬಿಡಿ ಎಂದು ಕಂಪನಿಯವನು ಹೇಳಿ ಹೋದ. ಚಪ್ಪಲಿ ಬಿಟ್ಟು ಒಳಗೆ ಹೋದ ಮೇಲೆ ಕೈ ಮುಗಿಯದೆ ಹೊರಗೆ ಬರುವುದು ನಮ್ಮ ಜನಕ್ಕೆ ಆಗುವ ಮಾತೇ? ತಿಂಗಳು ತುಂಬುವುದರೊಳಗೆ ಪ್ಯೂನ್ ಬಸಣ್ಣೆಪ್ಪ ಅದರ ನೆತ್ತಿಗೆ ದಾಸವಾಳ ಇಡತೊಡಗಿದ. ಕೋಣೆಯ ಬೀಗದ ಕೈ ಮಾತ್ರ ನನ್ನ ಕಿಸೆಯಲ್ಲಿ. ವಂಶದ ಗುಣ ಎಲ್ಲಿ ಹೋಗುತ್ತದೆ!

ಕಳೆದ ಮಹಾನವಮಿಯ ರಜೆಯ ಹಿಂದಿನ ದಿನ ಆಫೀಸಿನಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮ ಕಡೆ ಪೂಜೆಗಿಟ್ಟ ಸಲಕರಣೆಯನ್ನು ದಸರೆಗೆ ಬನ್ನಿ ಮುಡಿಯುವ ತನಕ ಮುಟ್ಟುವ ಹಾಗಿಲ್ಲ. ಹೊಲಿಗೆ ಮಷೀನಿನಿಂದ ಹಿಡಿದು ಕುಡಗೋಲಿನವರೆಗೆ ಎಲ್ಲಕ್ಕೂ ವಿಶ್ರಾಂತಿ. ಬಸಣ್ಣೆಪ್ಪ ಸರ್ವರಿಗೆ ವಿಭೂತಿ ಬಳಿದು, ಸುತ್ತಲೂ ಅರಿಷಿಣದ ದಾರ ಸುತ್ತಿ, ಇದನ್ನೂ ಬಂದ್ ಮಾಡಬೇಕೇನ್ರಿ ಎಂದು ನನ್ನ ಮುಖ ನೋಡಿದ. ಮಾಡಬೇಕು, ಶಾಸ್ತ್ರ ಅಂದರೆ ಶಾಸ್ತ್ರ ಎಂದು ನಾನು ಅಪ್ಪಣೆ ಕೊಟ್ಟೆ. ನಿಮ್ಮ ಹತ್ತಿರ ಏನು ಮುಚ್ಚುಮರೆ, ಶಾಸ್ತ್ರದ ಗಾಳಿ ನನಗೆ ಎಂದೂ ತಾಗಿದ್ದಿಲ್ಲ. ಬೆಳಗಾವಿಯಲ್ಲಿ ಹೆಂಡತಿಯ ತವರಿನವರು ಹಬ್ಬಕ್ಕೆ ಕರೆದಿದ್ದರು. ಸರ್ವರ್ ನಡೆಯುತ್ತಿದ್ದರೆ ಐದರ ತನಕ ಕೂರಬೇಕು, ಮಲಗಿದರೆ ಎರಡೂವರೆ ಬಸ್ಸು ಸಿಗುತ್ತದೆ. ಸಿಕ್ಕಿತು. ಜಗಳಾಡಿ ಕಿಟಕಿಯ ಸೀಟನ್ನೂ ಹಿಡಿದೆ.

ಬಸ್ಸು ಸಂಪಗಾಂವ ದಾಟುತ್ತಿದ್ದಾಗ ರಾಮದುರ್ಗದ ಕಾಲೇಜಿನ ಗುಮಾಸ್ತೆ ರೇಣುಕಾಬಾಯಿಯ ಫೋನ್ ಬಂತು. ಅಲ್ಲಿ ಓದಿದ ಮಂಜುಳಾ ಎಂಬ ಹುಡುಗಿಗೆ ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಐದು ಗಂಟೆಯೊಳಗೆ ಟಿ.ಸಿ.ಯ ಫೋಟೊ ಕಳಿಸದಿದ್ದರೆ ಸೀಟು ಬೇರೆಯವರ ಪಾಲು. ಟಿ.ಸಿ. ಸರ್ವರಿನಿಂದಲೇ ಬರಬೇಕು, ಸರ್ವರ್ ಉಸಿರೆತ್ತುತ್ತಿಲ್ಲ. ಮಗ್ಗ ನೇಯುವ ತಾಯಿ ಮಹಾದೇವಿ ಎದುರಿಗೇ ನಿಂತು ಕಣ್ಣೀರು ಹಾಕುತ್ತಿದ್ದಾಳೆ.

ಬೀಗದ ಕೈ ನನ್ನ ತೊಡೆಗೆ ಚುಚ್ಚುತ್ತಿತ್ತು. ಇಳಿದು ತಿರುಗಿ ಹೋದರೆ ಅರ್ಧ ಗಂಟೆಯ ಕೆಲಸ. ನಾನು ಕಿಟಕಿಯ ಸೀಟು ನೋಡಿದೆ, ಪಕ್ಕದಲ್ಲಿ ನಿಂತು ಅದನ್ನೇ ನುಂಗುವಂತೆ ನೋಡುತ್ತಿದ್ದ ದಢೂತಿ ಮನುಷ್ಯನನ್ನು ನೋಡಿದೆ. "ಸರ್ವರ್ ಡೌನ್ ಅದ ಬಾಯಾರ, ನನ್ನ ಕೈಯಾಗ ಏನೈತಿ?" ಎಂದೆ. ಕೈಯಲ್ಲಿ ಇರಲಿಲ್ಲ, ಕಿಸೆಯಲ್ಲಿತ್ತು.

ರೇಣುಕಾಬಾಯಿ ನನ್ನಂಥವಳಲ್ಲ. ಬಸಣ್ಣೆಪ್ಪನಿಗೆ ಫೋನ್ ಹಚ್ಚಿ ದಾರ, ವಿಭೂತಿ, ಎರಡೂವರೆ ಬಸ್ಸು ಎಲ್ಲವನ್ನೂ ತಿಳಿದುಕೊಂಡಳು. ನಾವು ರದ್ದಿಗೆ ಹಾಕಿರೆಂದು ಆಜ್ಞೆ ಮಾಡಿದ್ದ ಹಳೆಯ ಟಿ.ಸಿ. ಪುಸ್ತಕವನ್ನು ಅವಳು ಹಾಕದೆ ಇಟ್ಟುಕೊಂಡಿದ್ದಳಂತೆ. ಕೈಯಲ್ಲೇ ಬರೆದು, ಪ್ರಿನ್ಸಿಪಾಲರ ಸಹಿ ತಂದು, ಐದಕ್ಕೆ ಹತ್ತು ನಿಮಿಷವಿರುವಾಗ ಫೋಟೊ ಕಳಿಸಿದಳು. ಸೀಟು ಉಳಿಯಿತು. ಸುದ್ದಿ ಕೇಳಿ ನಾನು ನಿರಾಳವಾಗಿ ಎರಡು ಹೋಳಿಗೆ ಹೆಚ್ಚು ತಿಂದೆ.

ಆದರೆ ಸರ್ವರ್ ಮರೆಯುವ ಪೈಕಿ ಅಲ್ಲ. ತಾನು ಕೊಡದ ಟಿ.ಸಿ.ಯನ್ನು ಅದು ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಮಂಜುಳಾ ಇನ್ನೂ ನಮ್ಮ ವಿದ್ಯಾರ್ಥಿನಿ. ದಿನಾಲೂ ಹನ್ನೊಂದಕ್ಕೆ 'ನಿಮ್ಮ ಮಗಳು ಇಂದು ಗೈರುಹಾಜರು' ಎಂದು ತಾಯಿಗೆ ಮೆಸೇಜು. ಇದನ್ನು ಸರಿಪಡಿಸಬಹುದು, ಎರಡು ನಿಮಿಷ ಸಾಕು. 'ಸರ್ವರ್ ಬಂದ್ ಇದ್ದ ಕಾರಣ' ಎಂಬ ಖಾನೆಯನ್ನು ನಾನು ತುಂಬಿ ಕಾರ್ಯದರ್ಶಿಗಳಿಗೆ ಕಳಿಸಬೇಕು, ಅಷ್ಟೆ. ಮೂರು ತಿಂಗಳಿಂದ ಆ ಖಾನೆ ಖಾಲಿ ಇದೆ.

ಮೊನ್ನೆ ಊಟ ಮುಗಿಸಿ ಕಣ್ಣು ಎಳೆಯುತ್ತಿದ್ದ ಹೊತ್ತಿಗೆ ಮಹಾದೇವಿಯೇ ಫೋನ್ ಮಾಡಿದಳು. ಮೆಸೇಜು ನೋಡಿದಾಗೊಮ್ಮೆ ಎದೆ ಧಸಕ್ಕೆನ್ನುತ್ತದೆ, ಹುಡುಗಿ ನಿಜವಾಗಿ ಬೆಳಗಾವಿಯಲ್ಲಿ ಅದಾಳೋ ಇಲ್ಲೋ ಎಂದು ಫೋನ್ ಹಚ್ಚಿ ಕೇಳುತ್ತೇನೆ ಎಂದಳು. ನಾನು ಗಂಟಲು ಸರಿ ಮಾಡಿಕೊಂಡು, ಅವತ್ತು ಖಂಡೇಪೂಜೆ ಇತ್ತಲ್ಲ, ಶಾಸ್ತ್ರ ಬಿಡಲಿಕ್ಕೆ ಬರುವುದಿಲ್ಲ ಎಂದೆ.

"ಪೂಜಿ ನಾವೂ ಮಾಡತೇವ್ರಿ ಸಾಹೇಬ್ರ, ಮಗ್ಗಕ್ಕ" ಎಂದಳು ಮಹಾದೇವಿ, ದನಿ ಏರಿಸದೆ. "ಆದ್ರ ಹಿಡಿದ ಸೀರಿ ನೇದು ಇಳಿಸಿದ ಮ್ಯಾಲ ಮಾಡತೇವ್ರಿ. ಅರ್ಧಾ ಸೀರಿ ಮ್ಯಾಲ ವಿಭೂತಿ ಹಚ್ಚೂದಿಲ್ಲ."

ಈ ಮೆಸೇಜು ಯಾವಾಗ ನಿಲ್ಲುತ್ತದೆ ಎಂದು ಅವಳು ಕೇಳಿದಳು. ಪಕ್ಕದ ಕೋಣೆಯಲ್ಲಿ ಸರ್ವರ್ ದಾಸವಾಳ ಮುಡಿದುಕೊಂಡು ಗುಂಯ್ ಎಂದು ಚೆನ್ನಾಗಿಯೇ ನಡೆಯುತ್ತಿತ್ತು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಸರ್ವರ್ ಡೌನ್ ಅದ ಬಾಯಾರ, ನಾಳೆ ಮಾಡ್ರಿ" ಎಂಬುದು ತಾನಾಗಿಯೇ ಹೊರಬಿತ್ತು. ಸರ್ವರಿನ ಸದ್ದು ಅವಳಿಗೆ ಕೇಳಬಾರದೆಂದು ನನ್ನ ಎಡಗೈ ಆಗಲೇ ಆ ಕೋಣೆಯ ಬಾಗಿಲನ್ನು ಎಳೆದುಕೊಳ್ಳುತ್ತಿತ್ತು.