ಚಿಕ್ಕಮಾರಯ್ಯನವರ ಎಡಗೈ

ಆ ಬೆಳಿಗ್ಗೆ ಒಂದು ನಮಸ್ಕಾರ ಮಾಡದೆ ಹೋಗಿದ್ದರೆ ಪಂಚಪ್ಪ ಒಂಬತ್ತು ಗಂಟೆಗೆ ಯಲಹಂಕದ ಕಾರ್ಖಾನೆಯಲ್ಲಿ ತನ್ನ ಟೈಪ್‌ರೈಟರಿನ ಮುಂದೆ ಕೂತಿರುತ್ತಿದ್ದ.

ಬಾಗಲಕೋಟೆ ಕಡೆಯಿಂದ ಬಂದು ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದ ಅವನಿಗೆ ಹಳೇ ಮೋಟರ್‌ಸೈಕಲ್ ಒಂದನ್ನು ಕೊಡಿಸಿದವನು ಪಕ್ಕದ ಮನೆಯ ಮೆಕ್ಯಾನಿಕ್ ಗಯಾಸ್. ಗಾಡಿಯ ಜೊತೆ ಎರಡು ಉಪದೇಶಗಳನ್ನೂ ಪುಕ್ಕಟೆ ಕೊಟ್ಟಿದ್ದ.

"ನೋಡಿ ಪಂಚಪ್ಪಣ್ಣ, ರೋಡಲ್ಲಿ ಗಾಡಿ ನೋಡ್ಬೇಡಿ, ಡ್ರೈವರ್ ಕಣ್ಣು ನೋಡಿ. ಅವನ ಕಣ್ಣು ನಿಮ್ ಮೇಲಿಲ್ಲ ಅಂದ್ರೆ ಅವನ ಪಾಲಿಗೆ ನೀವು ಹುಟ್ಟೇ ಇಲ್ಲ. ಇನ್ನೊಂದು, ದಿನಾ ಪೊಲೀಸ್‌ಗೆ ಸಲಾಂ ಹೊಡೀರಿ. ಏನಾದ್ರೂ ಆದ್ರೆ ಕೈ ಬಿಡಲ್ಲ."

ಪಂಚಪ್ಪ ಎರಡನ್ನೂ ವ್ರತದಂತೆ ಹಿಡಿದ. ಹೆಬ್ಬಾಳದ ಕೂಡುರಸ್ತೆಯಲ್ಲಿ ನಿಲ್ಲುತ್ತಿದ್ದ ಪೇದೆ ಚಿಕ್ಕಮಾರಯ್ಯನವರಿಗೆ ದಿನವೂ ಒಂದು ನಮಸ್ಕಾರ. ಅವರು ಮೀಸೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸುತ್ತಿದ್ದರು, ಅಷ್ಟೇ. ಆ ಬೆಳಿಗ್ಗೆಯ ಹಿಂದಿನ ಸಂಜೆ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಅವರನ್ನು ಪಂಚಪ್ಪ ಗಾಡಿಯಲ್ಲಿ ಮನೆಗೆ ಬಿಟ್ಟುಬಂದಿದ್ದ.

ಅಂದು ಪಕ್ಕದ ಹೆಬ್ಬಾಳ ಕೆರೆಯ ಮೇಲಿನ ಮಂಜು ರಸ್ತೆಗೂ ಹರಿದು ಬಂದಿತ್ತು. ಲಾರಿಗಳು ನಿದ್ದೆಗಣ್ಣಿನ ಆನೆಗಳಂತೆ ಮೆಲ್ಲಗೆ ಮೂಡಿ ಮರೆಯಾಗುತ್ತಿದ್ದವು. ಆಕಳಿಸುತ್ತಿದ್ದ ಲಾರಿ ಚಾಲಕನನ್ನು ಕಂಡು ಪಂಚಪ್ಪ ಬ್ರೇಕ್ ಹಾಕಿದ. ಹಿಂದಿನ ಸೀಟಿನವರ ಜೊತೆ ಹರಟುತ್ತಿದ್ದ ಕಾರಿನವನಿಗೆ ದಾರಿ ಬಿಟ್ಟ. ಕೂಡುರಸ್ತೆ ಬಂತು. ಎಡಗೈ ಚಾಚಿ ಅಡ್ಡರಸ್ತೆಯವರನ್ನು ತಡೆದು ನಿಂತಿದ್ದ ಚಿಕ್ಕಮಾರಯ್ಯ, ಮಂಜಿನಲ್ಲಿ ದೇವಸ್ಥಾನದ ದ್ವಾರಪಾಲಕನಂತೆ ಕಂಡರು. ಪಂಚಪ್ಪ ನಮಸ್ಕರಿಸಿದ.

ಚಿಕ್ಕಮಾರಯ್ಯನವರ ಮುಖ ಅರಳಿತು. ಎರಡೂ ಕೈ ಜೋಡಿಸಿ, "ನಮಸ್ಕಾರ ಸಾಮೀ!" ಎಂದರು.

ಎಡಗೈ ಇಳಿದದ್ದೇ ತಡ, ಅಡ್ಡರಸ್ತೆಯಿಂದ ದ್ರಾಕ್ಷಿ ಬುಟ್ಟಿಗಳ ಟೆಂಪೋ ನುಗ್ಗಿತು. ಅದರ ಚಾಲಕನ ಕಣ್ಣು ಪೇದೆಯ ಕೈಯ ಮೇಲಿತ್ತು. ಪಂಚಪ್ಪನ ಕಣ್ಣು ಪೇದೆಯ ಮುಖದ ಮೇಲಿತ್ತು. ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿದ ಪಂಚಪ್ಪ ಗಾಡಿಯನ್ನು ದಂಡೆಯ ಮೇಲೆ ಬಿಟ್ಟು, ತಾನೊಬ್ಬನೇ ಕೆರೆಯಂಚಿನ ಕೆಸರಿಗೆ ಹಾರಿದ.

ಬಿದ್ದ ಜಾಗ ಮೆತ್ತಗೆ, ತಣ್ಣಗೆ ಇತ್ತು. ಮೇಲೆ ಹೆಜ್ಜಾರ್ಲೆ ಹಕ್ಕಿಗಳು ಸದ್ದಿಲ್ಲದೆ ತೇಲುತ್ತಿದ್ದವು. ಸತ್ತಿರಬೇಕು, ಸ್ವರ್ಗ ಪರವಾಗಿಲ್ಲ ಎಂದುಕೊಂಡ. ಅಷ್ಟರಲ್ಲಿ ಮಂಜನ್ನು ಸೀಳಿಕೊಂಡು ಮೀಸೆಯೊಂದು ಇಣುಕಿತು.

"ಏನಾರ ಪೆಟ್ಟಾಯ್ತಾ ಸಾಮೀ? ಸಾಹೇಬ್ರು ಬರ್ತಾವ್ರೆ. ಈ ತಿಂಗಳು ಹೆಡ್ ಕಾನ್‌ಸ್ಟೇಬಲ್ ಪ್ರಮೋಷನ್ ಲಿಸ್ಟು ಆಯ್ತದೆ, ನನ್ ಕತೆ ಮುಗೀತು!" ಚಿಕ್ಕಮಾರಯ್ಯನವರ ಕಣ್ಣಲ್ಲಿ ನೀರಿತ್ತು.

ಪಂಚಪ್ಪನಿಗೆ ಅವರನ್ನು ಕಂಡು ಅಯ್ಯೋ ಅನಿಸಿತು.

ಠಾಣೆಯಲ್ಲಿ ಇನ್‌ಸ್ಪೆಕ್ಟರು, "ಯಾರ್ರೀ ತಪ್ಪು?" ಎಂದು ಗದರಿದರು. ಟೆಂಪೋದವನು ಬಾಯಿ ತೆರೆಯುವ ಮೊದಲೇ ಪಂಚಪ್ಪ ಮುಂದೆ ಬಂದ.

"ನಂದ ತಪ್ಪರೀ ಸಾಹೇಬ್ರ. ಪೊಲೀಸಪ್ಪ ಕೈ ಇಳಿಸೇ ಇಲ್ಲ. ನಾನ ಹಗಲುಗನಸು ಕಾಣಾಕತ್ತಿದ್ದೆ, ಅಡ್ಡ ಬಂದೆ."

ಬರೆದುಕೊಂಡರು. ಕೆಸರು ಒರೆಸಿಕೊಂಡು ಪಂಚಪ್ಪ ರುಜು ಹಾಕಿದ. ಗಮನವಿಲ್ಲದೆ ಗಾಡಿ ಓಡಿಸಿದ ಕೇಸು. ಆದರೂ ಒಬ್ಬನ ಬಾಳು ಉಳಿಸಿದೆನಲ್ಲ ಎಂದು ಮನಸ್ಸು ಹತ್ತಿಯಂತೆ ಹಗುರಾಗಿತ್ತು.

ಮೂಲೆಯಲ್ಲಿ ನಿಂತಿದ್ದ ಚಿಕ್ಕಮಾರಯ್ಯನವರಿಗೆ ತಡೆಯಲಾಗಲಿಲ್ಲ. ಬಿಕ್ಕುತ್ತಾ ಮುಂದೆ ಬಂದರು. "ಸಾರ್, ಈ ದೇವರಂಥ ಮನುಷ್ಯನ್ ಮೇಲೆ ಕೇಸ್ ಹಾಕ್ಬೇಡಿ. ಕೈ ಇಳಿಸಿದ್ದು ನಾನೇ. ನನ್ನ ಉಳಿಸೋಕೆ ಇವ್ರು ಸುಳ್ಳು ಹೇಳವ್ರೆ."

ಇನ್‌ಸ್ಪೆಕ್ಟರು ನಿಧಾನವಾಗಿ ಎದ್ದು ಚಿಕ್ಕಮಾರಯ್ಯನವರ ಬೆನ್ನು ತಟ್ಟಿದರು. "ಇಪ್ಪತ್ತು ವರ್ಷದ ಸರ್ವೀಸಲ್ಲಿ ತಾನಾಗೇ ತಪ್ಪು ಒಪ್ಪಿಕೊಂಡ ಪೇದೇನ ನೋಡ್ತಿರೋದು ಇದೇ ಮೊದಲು ಕಣ್ರೀ. ಲಿಸ್ಟಿಗೆ ನಿಮ್ಮ ಹೆಸರು ನಾನೇ ಬರೀತೀನಿ."

ಪಂಚಪ್ಪನ ಕಣ್ಣೂ ತೇವವಾಯಿತು. ಇನ್‌ಸ್ಪೆಕ್ಟರು ಅವನು ರುಜು ಹಾಕಿದ್ದ ಹೇಳಿಕೆಯನ್ನು ಹರಿದು ಹಾಕಲಿಲ್ಲ. ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡು ಅವನತ್ತ ತಿರುಗಿದರು.

"ಇನ್ನು ನೀವು. ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟು, ಕೆಳಗೆ ರುಜು ಬೇರೆ ಹಾಕಿದ್ದೀರಿ. ಕೂತ್ಕೊಳ್ಳಿ. ಹಳೇ ಕೇಸು ಬಿಟ್ಟೆ, ಈಗ ಹೊಸದು."

ಪಂಚಪ್ಪ ಬೆಂಚಿನ ಮೇಲೆ ಕುಸಿದ. ಚಿಕ್ಕಮಾರಯ್ಯ ಕಣ್ಣೊರೆಸಿಕೊಂಡು, ಹೊಸ ಹಾಳೆ ಹಿಡಿದು ಪಕ್ಕದಲ್ಲೇ ಒತ್ತಿ ಕೂತರು.

"ತಂದೆ ಹೆಸರೇನು ಸಾಮೀ? ಹೇಳಿ, ನಾನೇ ಮುತ್ತಿನಂಗೆ ಬರೀತೀನಿ. ನಿಮಗೆ ಅಷ್ಟೂ ಮಾಡ್ದೆ ಇದ್ರೆ ಆಯ್ತದಾ?"