ನಮ್ಮ ಮೊದಲ ಆಲ್ಬಮ್ಮಿನ ಭಾನುವಾರಗಳು

ಪ್ರೊಗ್ರೆಸಿವ್ ರಾಕ್ ನುಡಿಸುತ್ತೇವೆ ಎಂದು ನಮ್ಮ ಕಡೆ ಹೇಳಿಕೊಂಡು ತಿರುಗಿದರೆ ಇಂಥವು ಆಗುತ್ತಲೇ ಇರುತ್ತವೆ. ಹಾಡು ಉದ್ದ, ತಾಳ ವಕ್ರ, ಕೇಳುವವರು ಪಾಪದವರು. ನಾವು ನಾಲ್ವರು. ಶಿಗ್ಗಾಂವಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ನಾನು ಗಿಟಾರು. ಡ್ರಮ್ಮಿನವನು ಸವಣೂರಿನ ಮದುವೆ ಬ್ಯಾಂಡಿನ ಮನೆತನದವನು. ಕೀಬೋರ್ಡಿನವನು ಹಿರೇಕೆರೂರಿನ ಖಾಸಗಿ ಬಸ್ ಡ್ರೈವರ್. ಹಾಡುವವರು ಹಾನಗಲ್ಲಿನ ಶಾಲೆಯ ಟೀಚರು, ನಮಗೆಲ್ಲ ಅಕ್ಕೋರು. ಮೂರು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಮೊದಲ ಆಲ್ಬಮ್ ಮಾಡಿದೆವು. ಈಗ ಆಲ್ಬಮ್ ಇದೆ, ಆ ಭಾನುವಾರಗಳಿಲ್ಲ.

ಹನ್ನೊಂದು ಪೆಟ್ಟು

ಒಂದು ಹಾಡಿಗೆ ಹನ್ನೊಂದು ಪೆಟ್ಟಿನ ತಾಳ. ಸವಣೂರಿನಲ್ಲಿ ತಾಲೀಮು ನಡೆದಾಗ ಡ್ರಮ್ಮಿನವನ ಚಾಚಾ ಬಾಗಿಲಲ್ಲಿ ನಿಂತು ಕೇಳಿದರು. ಜೀವಮಾನವಿಡೀ ಮೆರವಣಿಗೆಯಲ್ಲಿ ಡೋಲು ಬಾರಿಸಿದವರು. ಬೆರಳು ಮಡಚಿ ಎರಡು ಸಲ ಎಣಿಸಿದರು.

"ಬೇಟಾ, ಹನ್ನೆರಡನೇದು ಎಲ್ಲಿ ಬಿಟ್ಟು ಬಂದಿ?"

"ಇದು ಇರೋದ ಹಂಗ, ಚಾಚಾ."

"ಇರ್ಲಿ ಬಿಡು. ಮದುವಿಯೊಳಗ ಮಾತ್ರ ಬಾರಿಸಬ್ಯಾಡ. ಮದುಮಗನ ಕುದುರಿಗೆ ನಾಲ್ಕ ಕಾಲು."

ಗಾಜಿನ ಈಚೆ ಅವ್ವ

ಹುಬ್ಬಳ್ಳಿಯ ಸ್ಟುಡಿಯೊಕ್ಕೆ ಅಕ್ಕೋರ ಅವ್ವ ಬಂದಿದ್ದರು, ಮಗಳ ಹಾಡು ಕೇಳಲಿಕ್ಕೆ. ಹಾಡು ಹದಿನಾರು ನಿಮಿಷದ್ದು. ಅದರಲ್ಲಿ ಮಾತು ಬರುವುದೇ ಏಳನೆಯ ನಿಮಿಷಕ್ಕೆ. ಅಲ್ಲಿಯವರೆಗೆ ಅಕ್ಕೋರು ಗಾಜಿನ ಆಚೆ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. ಅವ್ವ ನಾಲ್ಕು ನಿಮಿಷ ತಡೆದುಕೊಂಡರು. ಆಮೇಲೆ ರೆಕಾರ್ಡಿಂಗ್ ಮಾಡುವವನ ತೋಳು ಹಿಡಿದು, "ತಮ್ಮಾ, ಅವ್ರು ಬಾರಿಸಿ ಮುಗಿಸ್ಲಿ, ಬ್ಯಾಡ ಅನ್ನಂಗಿಲ್ಲ. ಅಲ್ಲೀತನಕ ನನ್ನ ಮಗಳಿಗೆ ಒಂದು ಕುರ್ಚಿ ಕೊಡ್ರಿ," ಎಂದರು.

ಬಸ್ಸಿನಲ್ಲಿ ಬಿಡುಗಡೆ

ಆಲ್ಬಮ್ ಹೊರಬಂದ ದಿನ ಕೀಬೋರ್ಡಿನ ಡ್ರೈವರ್ ಅದನ್ನು ತನ್ನ ಬಸ್ಸಿನಲ್ಲೇ ಹಚ್ಚಿದ. ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ ನಾನು ಹಿಂದಿನ ಸೀಟಿನಲ್ಲಿ ಕೂತು ಜನರನ್ನೇ ನೋಡುತ್ತಿದ್ದೆ. ಒಬ್ಬರಾದರೂ ತಲೆದೂಗಲಿ ಎಂದು ಎಷ್ಟು ಆಸೆ! ತೂಗಿದವರೆಲ್ಲ ನಿದ್ದೆಯಲ್ಲಿದ್ದರು. ಹಾಡಿನ ನಡುವೆ ನಾವು ಬೇಕೆಂದೇ ಅರ್ಧ ನಿಮಿಷ ಏನೂ ನುಡಿಸದೆ ಬಿಟ್ಟಿದ್ದೇವೆ. ಅದು ಬಂತು, ಹೋಯಿತು, ಮತ್ತೆ ಗಿಟಾರು ಎದ್ದಿತು. ಮುಂದಿನ ಸೀಟಿನ ಅಜ್ಜಿ ಡ್ರೈವರನಿಗೆ ಹೇಳಿದಳು: "ಯಪ್ಪಾ, ಈಗ ಸುಮ್ಮನಿತ್ತಲ್ಲ, ಅದು ಭಾಳ ಛಲೋ ಇತ್ತು. ಅದನ್ನ ಇನ್ನೊಮ್ಮೆ ಹಚ್ಚು."

ಫೋನಿನಲ್ಲಿ ತಾಲೀಮು

ಆಮೇಲೆ ಅಕ್ಕೋರಿಗೆ ಬೀದರ ಕಡೆ ವರ್ಗವಾಯಿತು. ಭಾನುವಾರ ಮೂವರೂ ಸವಣೂರಿನಲ್ಲಿ ಸೇರುತ್ತೇವೆ, ಚಹಾ ಕುಡಿಯುತ್ತೇವೆ, ತಂತಿ ಬಿಗಿ ಮಾಡುತ್ತೇವೆ, ಎದ್ದು ಹೋಗುತ್ತೇವೆ. ಬೇರೆ ಯಾರನ್ನಾದರೂ ಹಾಡಲು ಕರೆಯುವ ಮಾತು ಒಬ್ಬರ ಬಾಯಿಂದಲೂ ಬರುವುದಿಲ್ಲ.

ಕಳೆದ ವಾರ ತಡೆಯಲಾರದೆ ಅವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆವು. ಅವರು ಅಲ್ಲಿಂದ ಹಾಡುವುದು, ನಾವು ಇಲ್ಲಿಂದ ನುಡಿಸುವುದು. ಅವರ ದನಿ ಕೇಳಿದ ಕೂಡಲೇ ಡ್ರಮ್ಮಿನವನ ಕಣ್ಣು ತುಂಬಿತು. ಆದರೆ ದನಿ ತುಸು ತಡವಾಗಿ ಬರುತ್ತಿತ್ತು. ಅವರು ಹಿಂದೆ ಬಿದ್ದರೆಂದು ನಾವು ನಿಧಾನ ಮಾಡಿದೆವು. ನಾವು ನಿಧಾನವಾದೆವೆಂದು ಅವರೂ ನಿಧಾನ ಮಾಡಿದರು. ಹಾಡು ಎಳೆದು ಎಳೆದು ಕೊನೆಗೆ ನಿಂತೇ ಹೋಯಿತು. ಫೋನನ್ನು ಮಾತ್ರ ಯಾರೂ ಇಡಲಿಲ್ಲ.

ಅಕ್ಕೋರು ಕೇಳಿದರು, "ಯಾಕ್ರೋ, ನಿಲ್ಲಿಸಿಬಿಟ್ರಿ?"

"ನಿಮಗ ಕಾಯಾಕತ್ತೇವ್ರಿ, ಅಕ್ಕೋರ," ಎಂದ ಡ್ರಮ್ಮಿನವನು.

"ಅಯ್ಯ, ನಾನೂ ನಿಮಗ ಕಾಯಾಕತ್ತೇನಿ!"